ಮೊದಲ ಪುಟದಲ್ಲಿದ್ದ ಮನೆ

ನಮ್ಮ ಅತ್ತೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುವವರು. ಅಪ್ಪನಿಗೆ ಅಕ್ಕ. ಕಿಟಕಿಯ ಮೇಲೆ ‘ವಿಚಾರಣೆ’ ಎಂಬ ಬೋರ್ಡು ಇರುವುದರಿಂದ ನೆಂಟರಿಷ್ಟರೆಲ್ಲ ಅವರನ್ನು ವಿಚಾರಣೆ ಅತ್ತೆ ಎಂದೇ ಕರೆಯುತ್ತಾರೆ. ಹಾಗೆ ಕರೆದರೆ ಅವರು ಸಿಟ್ಟಾಗುವುದಿಲ್ಲ, ನಗುವುದೂ ಇಲ್ಲ. “ಏನು?” ಎನ್ನುತ್ತಾರೆ, ಕಿಟಕಿಗೆ ಬಂದವರನ್ನು ಕೇಳುವ ದನಿಯಲ್ಲೇ.

ಆ ಕಿಟಕಿಯ ಗಾಜಿನಲ್ಲಿ ಬಟ್ಟಲಿನ ಬಾಯಷ್ಟು ಅಗಲದ ತೂತಿದೆ. ಜನ ಅದಕ್ಕೆ ಮುಖ ಒಡ್ಡಿ ಕೇಳುತ್ತಾರೆ.

“ಬಂದರಿಗೆ ಹೋಗೋ ಬಸ್ಸು?”

“ಹೋಯ್ತು.”

“ಮುಂದಿನದು?”

“ಊಟ ಆದ್ಮೇಲೆ.”

“ಯಾರ ಊಟ?”

“ಡ್ರೈವರ್‌ದು.”

ಅತ್ತೆ ಇದನ್ನು ತಮಾಷೆಗೆ ಹೇಳುವುದಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ತಾನಾಗಿ ಏನನ್ನೂ ಕೇಳಬಾರದು, ಹಿಂದೆ ನಿಂತವರನ್ನು ಕಾಯಿಸಬಾರದು. ಅದು ಆ ಕಿಟಕಿಯ ಕೆಲಸದ ಕ್ರಮ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮುದುಕಿಯನ್ನು “ಯಾಕಜ್ಜಿ ಅಳ್ತಿದ್ದೀರಿ?” ಎಂದು ಕೇಳಿಬಿಟ್ಟಿದ್ದರಂತೆ. ಅಜ್ಜಿಯ ಕತೆ ಮುಗಿಯುವಷ್ಟರಲ್ಲಿ ಹಿಂದಿದ್ದವರ ಬಸ್ಸುಗಳೆಲ್ಲ ಹೊರಟುಹೋಗಿದ್ದವು. ಆಮೇಲೆ ಅತ್ತೆ ಯಾರ ಕತೆಗೂ ಕೈ ಹಾಕಲಿಲ್ಲ.

ಸಾಲಿನ ವಿಷಯದಲ್ಲಂತೂ ಅವರು ಕಲ್ಲು. ಮಾವನ ಪರಿಚಯವಾದದ್ದೇ ಹಾಗೆ. ಮಾವ ಆಗ ವೈರಿಂಗ್ ಕೆಲಸ ಮಾಡುತ್ತಿದ್ದರು. ಕಿಟಕಿಯೊಳಗಿನ ಟ್ಯೂಬ್‌ಲೈಟು ಕೆಟ್ಟಿದೆ ಎಂದು ನಿಲ್ದಾಣದವರು ಕರೆಸಿದ್ದರು. ಏಣಿ ಹೊತ್ತು ಬಂದು ಪಕ್ಕದಿಂದ ಬಗ್ಗಿ ಮಾತಾಡಿಸಿದಾಗ ಅತ್ತೆ “ಸಾಲಲ್ಲಿ ಬನ್ನಿ” ಎಂದರು. ಮಾವ ಏಣಿ ಸಮೇತ ಸಾಲಿನ ಕೊನೆಗೆ ಹೋಗಿ ನಿಂತರು. ಸರದಿ ಬಂದಾಗ ಅತ್ತೆ “ಏನು?” ಎಂದರು. ಮಾವ “ಲೈಟು” ಎಂದರು. “ಮದುವೆ ಕೇಳೋಕೆ ಹೋದಾಗಲೂ ಸಾಲಲ್ಲೇ ನಿಂತಿದ್ದೆ. ಪುಣ್ಯಕ್ಕೆ ನನ್ನ ಮುಂದೆ ಯಾರೂ ಇರಲಿಲ್ಲ” ಎಂದು ಮಾವ ಈಗಲೂ ಛೇಡಿಸುತ್ತಾರೆ.

ಅವರ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಲಿಫ್ಟಿಗೆಂದು ಬಿಟ್ಟ ಜಾಗ ಮಾತ್ರ ಇತ್ತು. ಅದರೊಳಗೆ ಎಲ್ಲರೂ ಮುರಿದ ಸೈಕಲ್ಲು, ತೂತಾದ ಬಕೆಟ್ಟು ಪೇರಿಸಿದ್ದರು. ಮನೆಯ ಒಳಗಿನ ವೈರಿಂಗ್ ಪೂರ್ತಿ ಮಾವನ ಕೈಯದು. ಮಲಗುವ ಕೋಣೆಯ ದೀಪವನ್ನು ಬಾಗಿಲಲ್ಲಿ ಹಾಕಿ ಮಂಚದಿಂದ ಆರಿಸಬಹುದಿತ್ತು. ಅಡುಗೆಮನೆಯ ಪ್ಲಗ್ಗುಗಳು ಅತ್ತೆಯ ಮೊಣಕೈಯ ಎತ್ತರಕ್ಕೆ ಸರಿಯಾಗಿದ್ದವು. ಎಲ್ಲಿಯೂ ಒಂದೂ ವೈರು ಕಣ್ಣಿಗೆ ಬೀಳುತ್ತಿರಲಿಲ್ಲ.

ಮಾವನಿಗೆ ಪಾರ್ಶ್ವವಾಯು ಬಡಿದದ್ದು ಯಾರದೋ ಮನೆಯ ಮೀಟರ್ ಬೋರ್ಡಿನ ಎದುರು. ಕರೆಂಟ್ ಹೊಡೆಯಿತು ಎಂದುಕೊಂಡು ಆ ಮನೆಯವರು ಮೇನ್ ಆಫ್ ಮಾಡಿ, ಏಳುತ್ತಾರೆ ಎಂದು ಕಾದರಂತೆ. ಆಸ್ಪತ್ರೆಯಿಂದ ಮರಳಿದಾಗ ಎಡಗಾಲು ಎಳೆಯುತ್ತಿತ್ತು, ನಾಲಿಗೆ ದಪ್ಪಗಾಗಿತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದರು. ಮತ್ತೆ ಅವರು ಕೆಳಗೆ ಇಳಿದದ್ದು ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಮಾತ್ರ, ಅದೂ ಕುರ್ಚಿಯಲ್ಲೇ. ಮೊದಮೊದಲು ಪಕ್ಕದ ಮನೆಯವರು ಕರೆಯದೆಯೇ ಬಂದು ಹೊರುತ್ತಿದ್ದರು. ಆಮೇಲೆ ಕರೆದರೆ ಬಂದರು. ಆಮೇಲೆ ಆಸ್ಪತ್ರೆಯ ದಿನ ಬೆಳಿಗ್ಗೆ ಅವರ ಬಾಗಿಲಿಗೆ ಬೀಗ ಕಾಣತೊಡಗಿತು. ಅತ್ತೆ ಅವರನ್ನು ದೂರಲಿಲ್ಲ. ಮಾವ ದಪ್ಪ ಆಳು.

ಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರು ಒಂದು ಸಲ ಅತ್ತೆಯನ್ನು ಪಕ್ಕಕ್ಕೆ ಕರೆದು ಹೇಳಿದರು. “ಇವರು ಹೊರಗೆ ನಡೀಬೇಕಮ್ಮ. ಮಂಚದಿಂದ ಬಚ್ಚಲಿಗೆ ಹೋಗಿ ಬಂದ್ರೆ ಅದು ನಡೆದ ಹಾಗಲ್ಲ. ದಿನಾ ಬೀದೀಲಿ ಓಡಾಡಿದ್ರೆ ಕಾಲು ವಾಪಸ್ ಬರುತ್ತೆ. ತಡ ಮಾಡಿದ್ರೆ ಅದು ಹೇಗಿದೆಯೋ ಹಾಗೇ ಗಟ್ಟಿಯಾಗಿಬಿಡುತ್ತೆ.”

ಅತ್ತೆ ಮನೆ ಮಾರಲು ಹೊರಟದ್ದು ಈ ಮಾತಿನಿಂದ. ನಿಲ್ದಾಣದ ಕ್ಯಾಷಿಯರ್‌ಗೆ ಒಂದು ಸಣ್ಣ ಮನೆಯಿತ್ತು. ನೆಲಮಹಡಿ, ಬಾಗಿಲು ತೆಗೆದರೆ ನೇರ ಬೀದಿ. ಅವರು ಅದನ್ನು ಮಾರುವವರಿದ್ದರು. “ನಿಮಗೆ ಅಂತ ಹಿಡಿದಿಡ್ತೀನಿ ಅಕ್ಕ. ಆದ್ರೆ ವರ್ಷದ ಲೆಕ್ಕ ಮುಗಿಯೋವರೆಗೆ ಮಾತ್ರ. ಆಮೇಲೆ ನನ್ನ ಮೈದುನ ಕೇಳ್ತಿದ್ದಾನೆ” ಎಂದಿದ್ದರು. ಮೇಲಿನ ಮನೆ ಒಳ್ಳೆಯ ಬೆಲೆಗೆ ಹೋದರೆ ಕೆಳಗಿನದನ್ನು ಕೊಂಡು, ಅತ್ತೆ ಅವಧಿಗೆ ಮೊದಲೇ ಕೆಲಸ ಬಿಟ್ಟು ಮನೆಯಲ್ಲಿರಬಹುದು ಎಂಬುದು ಇಬ್ಬರ ಯೋಚನೆಯಾಗಿತ್ತು. ಆ ಕಿಟಕಿಯ ಸ್ಟೂಲಿಗೆ ಬೆನ್ನಿಲ್ಲ. ಅತ್ತೆಯ ಬೆನ್ನು ಎಷ್ಟೋ ಕಾಲದಿಂದ ಅವರ ಮಾತು ಕೇಳುತ್ತಿರಲಿಲ್ಲ.

ಮಗಳು ಅದೇ ಊರಿನ ಇನ್ನೊಂದು ತುದಿಯಲ್ಲಿ ಗಂಡನ ಮನೆಯಲ್ಲಿದ್ದಳು. ಒಂದು ಭಾನುವಾರ ಬಂದು ಫೋನಿನಲ್ಲೇ ಫೋಟೋ ತೆಗೆದು, ಮನೆ ಮಾರುವ ವೆಬ್‌ಸೈಟಿಗೆ ಪುಕ್ಕಟೆಯಾಗಿ ಹಾಕಿಹೋದಳು. ಬಹಳ ದಿನ ಯಾರೂ ಕೇಳಲಿಲ್ಲ. ಆಮೇಲೆ ವೆಬ್‌ಸೈಟಿನ ಒಬ್ಬ ಹುಡುಗಿ ಫೋನ್ ಮಾಡಿದಳು.

“ಮೇಡಂ, ನಿಮ್ಮ ಮನೆ ತುಂಬ ಹಿಂದಿನ ಪುಟದಲ್ಲಿದೆ. ಅಲ್ಲೀವರೆಗೆ ಯಾರೂ ಬರಲ್ಲ. ನಿಮ್ಮ ಮುಂದೆ ಬೇಕಾದಷ್ಟು ಜನ ಇದ್ದಾರೆ.”

“ಅವರು ಮೊದಲು ಬಂದಿರ್ತಾರೆ,” ಅತ್ತೆ ಹೇಳಿದರು.

“ಇಲ್ಲ ಮೇಡಂ, ಎಷ್ಟೋ ಜನ ನಿಮ್ಮ ಆಮೇಲೆ ಬಂದಿದ್ದು. ಅವರದು ಪ್ರೀಮಿಯಂ. ನೀವೂ ತಗೊಂಡ್ರೆ ಮೊದಲ ಪುಟಕ್ಕೆ ಬರ್ತೀರಿ. ನಮ್ಮ ಫೋಟೋಗ್ರಾಫರ್ ಬರ್ತಾರೆ, ಮನೆ ಬಗ್ಗೆ ನಾವೇ ಚೆನ್ನಾಗಿ ಬರೀತೀವಿ.”

ಅತ್ತೆಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಟೀ ಕುಡಿಯುವಾಗ ಮಾವನಿಗೆ ಹೇಳಿದರು. “ದುಡ್ಡು ಕೊಟ್ಟವರನ್ನ ಮುಂದೆ ನಿಲ್ಲಿಸ್ತಾರಂತೆ.”

“ಹೋಗಿ ನಿಂತ್ಕೋ,” ಎಂದರು ಮಾವ.

“ಹಿಂದೆ ಇರೋರು ಏನು ಮಾಡ್ಬೇಕು?”

“ಅವರಿಗೂ ಆ ಹುಡುಗಿ ಫೋನ್ ಮಾಡಿರ್ತಾಳೆ ಕಣೇ. ಎಲ್ಲರೂ ಕೊಟ್ಟಿರ್ತಾರೆ. ಎಲ್ಲರೂ ಮುಂದೆ ನಿಂತಿರ್ತೀರಿ.”

ಮಾವ ಇದನ್ನು ನಗಿಸಲು ಹೇಳಿದ್ದರು. ಅದರಲ್ಲಿ ನಿಜವೂ ಇತ್ತು ಎಂದು ಅತ್ತೆಗೆ ಆಮೇಲೆ ತಿಳಿಯಿತು. ಮೊದಲ ಪುಟ ಎಂದರೂ ಅದರಲ್ಲಿ ದಿನಕ್ಕೊಬ್ಬರು ಮೇಲೆ ಬರುತ್ತಿದ್ದರು. ಕನ್ನಡಕ ಬದಲಿಸಲು ತೆಗೆದಿಟ್ಟಿದ್ದ ದುಡ್ಡನ್ನು ಅತ್ತೆ ಪ್ರೀಮಿಯಂಗೆ ಕಟ್ಟಿದರು.

ಫೋಟೋಗ್ರಾಫರು ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವನಿಗೆ ಅತ್ತೆ ನೀರು ಕೊಟ್ಟರು. ಅವನು ಮನೆಯನ್ನೆಲ್ಲ ನೋಡಿ, ಮೆತ್ತಗೆ ಹೇಳಿದ. “ಆಂಟಿ, ಫೋಟೋದಲ್ಲಿ ಅಂಕಲ್ ಬರಬಾರದು. ಔಷಧಿ ಬಾಟ್ಲಿ, ವಾಕರ್ ಇದೆಲ್ಲ ಬರಬಾರದು. ನೋಡಿದವರಿಗೆ ಮನೇಲಿ ಕಾಯಿಲೆ ಇದೆ ಅನ್ಸುತ್ತೆ.”

ಹಾಗಾಗಿ ಹಾಲ್ ತೆಗೆಯುವಾಗ ಮಾವ ಕೋಣೆಗೆ ಹೋದರು. ಕೋಣೆ ತೆಗೆಯುವಾಗ ಅಡುಗೆಮನೆಗೆ ಬಂದರು. ಅಡುಗೆಮನೆ ತೆಗೆಯುವಾಗ ಮತ್ತೆ ಹಾಲ್‌ಗೆ. ಒಂದೊಂದು ಸಲವೂ ಅತ್ತೆ ಭುಜ ಕೊಟ್ಟು ಎಬ್ಬಿಸಿ, ವಾಕರ್ ಮುಂದಿಟ್ಟು, ಹಿಂದಿನಿಂದ ಹಿಡಿದು ನಡೆಸಬೇಕಾಗಿತ್ತು. ಮುಗಿಯುವಾಗ ಇಬ್ಬರ ಬಟ್ಟೆಯೂ ಬೆವರಿಗೆ ಅಂಟಿತ್ತು. “ಮೊದಲ ಸಲ ನನ್ನನ್ನ ಇಷ್ಟು ನಡೆಸಿದ್ದು ನೀನೇ ನೋಡಪ್ಪ,” ಎಂದರು ಮಾವ ಫೋಟೋಗ್ರಾಫರ್‌ಗೆ. “ಡಾಕ್ಟ್ರ ಫೀಸು ನಿನಗೇ ಕೊಡ್ಬೇಕು.”

ಫೋಟೋಗಳು ಬಂದಾಗ ಮಗಳು ಫೋನಿನಲ್ಲಿ ತೋರಿಸಿದಳು. ಅಡುಗೆಮನೆಯಲ್ಲಿ ಬಸ್ಸು ತಿರುಗಿಸಬಹುದಿತ್ತು. ಹಾಲ್ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ಕೆಳಗೆ ‘ಆಕಾಶಕ್ಕೆ ಹತ್ತಿರ, ಗದ್ದಲದಿಂದ ದೂರ, ಕನಸಿನ ನೆಮ್ಮದಿ’ ಎಂದು ಬರೆದಿದ್ದರು.

“ಆಕಾಶಕ್ಕೆ ಹತ್ತಿರ ಅನ್ನೋದು ನಿಜ,” ಎಂದರು ಮಾವ. “ಇನ್ನೊಂದು ಮಹಡಿ ಇದ್ದಿದ್ರೆ ನೇರ ಒಳಗೇ ಹೋಗಿಬಿಡ್ತಿದ್ದೆ.”

ಮಗಳು “ಅಪ್ಪ, ಸುಮ್ನಿರು” ಎಂದಳು. ಅತ್ತೆ ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು. ಮಾವ ತಿಂಗಳಾನುಗಟ್ಟಲೆ ಕೂತ ಜಾಗದಲ್ಲಿ ಒಂದು ಹೂದಾನಿ ಇತ್ತು. ಅದು ಅವರದಲ್ಲ, ಫೋಟೋಗ್ರಾಫರು ಚೀಲದಲ್ಲಿ ತಂದದ್ದು.

ಮನೆ ಮೊದಲ ಪುಟಕ್ಕೆ ಬಂದದ್ದೇ ತಡ, ಫೋನುಗಳು ಶುರುವಾದವು.

ಕಿಟಕಿಯ ಕೆಲಸದಲ್ಲಿರುವಾಗ ಅತ್ತೆ ಫೋನು ಮುಟ್ಟುವ ಹಾಗಿರಲಿಲ್ಲ. ಅದು ಸ್ಟೂಲಿನ ಪಕ್ಕದ ಡ್ರಾಯರ್ ಒಳಗೆ ಗುರುಗುಟ್ಟುತ್ತಿರುತ್ತಿತ್ತು. ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಮಾವನಿಗೆ ಮುಖ ತೊಳೆಸಿ, ಮಂಚದ ತುದಿಯಲ್ಲಿ ಕೂತು ಒಬ್ಬೊಬ್ಬರಿಗೇ ವಾಪಸ್ ಮಾಡುತ್ತಿದ್ದರು. ಎಲ್ಲಕ್ಕಿಂತ ಕೆಳಗಿನ ನಂಬರಿನಿಂದ, ಅಂದರೆ ಮೊದಲು ಮಾಡಿದವರಿಂದ. ಮೊದಲು ಬಂದವರಿಗೆ ಮೊದಲು ಉತ್ತರ. ಅವರಿಗೆ ಬೇರೆ ಕ್ರಮ ಗೊತ್ತೇ ಇರಲಿಲ್ಲ.

ಮೊದಲು ಮಾಡಿದವರಲ್ಲಿ ಮುಕ್ಕಾಲು ಜನ ಬ್ರೋಕರುಗಳು. ಉಳಿದವರಲ್ಲಿ ಸಾಲ ಕೊಡಿಸುವವರು, ಪರದೆ ಹೊಲಿಯುವವರು, ಗೋಡೆಗೆ ಬಣ್ಣ ಹೊಡೆಯುವವರು. ಅತ್ತೆ ಎಲ್ಲರಿಗೂ ಸಮಾಧಾನದಿಂದ ಉತ್ತರಿಸಿದರು. ಮಗಳು ಒಂದು ಸಂಜೆ ಬಂದು ಇದನ್ನು ನೋಡಿ ತಲೆ ಚಚ್ಚಿಕೊಂಡಳು.

“ಅಮ್ಮ, ಪರದೆ ಅಂಗಡಿಯವನಿಗೆ ನೀನ್ಯಾಕೆ ವಾಪಸ್ ಮಾಡ್ತೀಯ?”

“ಅವನು ಮೊದಲು ಮಾಡಿದ್ದ.”

“ವೆಬ್‌ಸೈಟಿನವರು ಕಳಿಸೋ ಮೆಸೇಜಲ್ಲಿ ನಂಬರಿನ ಪಕ್ಕದಲ್ಲೇ ಬರೆದಿರುತ್ತಲ್ಲ, ಇವರು ಬ್ರೋಕರ್, ಇವರು ಕೊಳ್ಳೋರು ಅಂತ. ಕೊಳ್ಳೋರಿಗೆ ಮೊದಲು ಮಾಡು.”

“ಹಾಗೆ ಮಧ್ಯದಿಂದ ಎತ್ತಿ ಎತ್ತಿ ಮಾಡಿದ್ರೆ ಯಾರಿಗೆ ಮಾಡಿದೆ, ಯಾರಿಗೆ ಬಿಟ್ಟೆ ಅಂತ ನನಗೇ ಗೊತ್ತಾಗಲ್ಲ.”

“ದುಡ್ಡು ಕೊಟ್ಟು ನೀನು ಸಾಲು ಮುರೀಬಹುದು, ಅವರು ಮುರೀಬಾರದಾ?”

ಅತ್ತೆಯ ಮುಖ ಸಪ್ಪಗಾಯಿತು. ಮಗಳು ತಾನು ಹೇಳಿದ್ದು ಹೆಚ್ಚಾಯಿತೆಂದು ಎದ್ದು ಪಾತ್ರೆ ತೊಳೆಯಲು ಹೋದಳು. ಆದರೆ ಕ್ರಮ ಬದಲಾಗಲಿಲ್ಲ. ಅತ್ತೆಯ ದಣಿವೂ ಅದಕ್ಕೆ ಕಾರಣ. ದಿನವಿಡೀ ಕಿಟಕಿಯಲ್ಲಿ ಮಾತಾಡಿದ ಬಾಯಿಗೆ, ಮನೆಗೆ ಬಂದ ಮೇಲೂ ಅದೇ ಪ್ರಶ್ನೆ, ಅದೇ ಉತ್ತರ. ಯೋಚಿಸದೆ ಮಾಡಬಹುದಾದ ಕೆಲಸ ಅದೊಂದೇ ಆಗಿತ್ತು.

ಅಪರೂಪಕ್ಕೆ ನಿಜವಾಗಿ ಕೊಳ್ಳುವವರು ಸಿಕ್ಕಾಗಲೂ ಮಾತು ಬೇಗ ಮುಗಿಯುತ್ತಿತ್ತು.

“ಮನೆ ಇದೆಯಾ?”

“ಇದೆ.”

“ಲಿಫ್ಟು?”

“ಇಲ್ಲ.”

“ಓ.”

ಅತ್ತೆ ಇನ್ನೂ ಏನಾದರೂ ಹೇಳುತ್ತಾರೆಂದು ಆ ಕಡೆಯವರು ಕಾಯುತ್ತಿದ್ದರು. ಇನ್ನೇನಾದರೂ ಕೇಳುತ್ತಾರೆಂದು ಅತ್ತೆಯೂ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಫೋನು ಕಟ್ಟಾಗುತ್ತಿತ್ತು. ಮಾವ ಮಂಚದ ಮೇಲಿಂದ ನೋಡುತ್ತ, “ಒಂದು ಸಲ ಬಂದು ನೋಡಿ ಅಂತ ಹೇಳೇ” ಎನ್ನುತ್ತಿದ್ದರು. “ಅವರು ಕೇಳ್ಲಿಲ್ಲ” ಎನ್ನುತ್ತಿದ್ದರು ಅತ್ತೆ.

ನೋಡಲು ಬಂದವರೂ ಇದ್ದರು. ಒಂದು ಗಂಡ ಹೆಂಡತಿ ಬಂದು, ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿ, “ಫೋಟೋದಲ್ಲಿದ್ದ ಮನೆ ಎಲ್ಲಿ?” ಎಂದರು.

“ಇದೇ,” ಎಂದರು ಅತ್ತೆ.

“ಹಾಲ್ ಎಲ್ಲಿ?”

“ನೀವು ನಿಂತಿರೋದೇ ಹಾಲ್.”

ಹೆಂಡತಿಗೆ ಪಾಪ ಅನ್ನಿಸಿರಬೇಕು, ನೀರು ಕೇಳಿ ಕುಡಿದು, “ಗಾಳಿ ಚೆನ್ನಾಗಿದೆ” ಎಂದು ಹೇಳಿಹೋದಳು. ಇನ್ನೊಬ್ಬರು ಎರಡನೇ ಮಹಡಿಯಿಂದಲೇ ಫೋನ್ ಮಾಡಿ, ಇನ್ನೂ ಎಷ್ಟಿದೆ ಎಂದು ಕೇಳಿ, ಅಲ್ಲಿಂದಲೇ ತಿರುಗಿದರು. ಪುಕ್ಕಟೆ ಇದ್ದಾಗ ಯಾರೂ ಬರುತ್ತಿರಲಿಲ್ಲ. ಈಗ ಬಂದು ಬೇಡ ಎನ್ನುತ್ತಿದ್ದರು. ಎರಡರಲ್ಲಿ ಹೆಚ್ಚು ಸುಸ್ತು ಮಾಡುವುದು ಯಾವುದು ಎಂದು ಕೇಳಿದ್ದರೆ ಅತ್ತೆ ತಡವರಿಸದೆ ಉತ್ತರ ಕೊಡುತ್ತಿದ್ದರು.

ಆ ವಾರಗಳಲ್ಲಿ ಒಂದು ನಂಬರು ಮೂರು ಸಲ ಬಂದಿತ್ತು. ಅತ್ತೆಯ ಸಾಲಿನಲ್ಲಿ ಅದರ ಸರದಿ ಬರುವಾಗ ಬಹಳ ತಡವಾಗಿತ್ತು. ಆ ಕಡೆ ಒಬ್ಬ ಹೆಂಗಸು, ನಿದ್ದೆಯಿಂದೆದ್ದ ದನಿ.

“ಅಯ್ಯೋ, ಈಗ ಮಾಡಿದ್ರಾ? ನಾನು ಆಸ್ಪತ್ರೇಲಿ ನರ್ಸು ಅಕ್ಕ, ಬರೀ ರಾತ್ರಿ ಪಾಳಿ. ಹಗಲು ಮಲಗೋಕೆ ತಲೆ ಮೇಲೆ ಯಾರೂ ಓಡಾಡದ ಮನೆ ಹುಡುಕ್ತಿದ್ದೆ. ನಿಮ್ಮದು ಕೊನೇ ಮಹಡಿ ನೋಡಿ ಎಷ್ಟು ಸಲ ಮಾಡಿದೆ. ಲಿಫ್ಟ್ ಇಲ್ದಿದ್ರೂ ಪರವಾಗಿರಲಿಲ್ಲ ನನಗೆ. ಮೊನ್ನೆ ಬೇರೆ ಕಡೆ ಅಡ್ವಾನ್ಸ್ ಕೊಟ್ಟುಬಿಟ್ಟೆ.”

“ಸರಿ,” ಎಂದರು ಅತ್ತೆ.

ಫೋನಿನ ಆ ಕಡೆಯ ಮಾತು ಮಾವನಿಗೂ ಕೇಳಿಸಿತ್ತು. ಅತ್ತೆ ಫೋನಿಟ್ಟು, “ಅವರ ಮುಂದೆ ಇಬ್ಬರು ಪರದೆಯವರಿದ್ರು” ಎಂದು ಮೆಲ್ಲಗೆ ಹೇಳಿ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು, ಪಾತ್ರೆಯ ಸದ್ದು ಕೇಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಕೆಲಸಕ್ಕೆ ಹೊರಡುವಾಗ ಮಾವ ಕೈ ಚಾಚಿದರು. “ಫೋನು ಇಲ್ಲಿಟ್ಟು ಹೋಗು.”

“ನಿಮಗೆ ಮಾತು…” ಅತ್ತೆ ಅರ್ಧಕ್ಕೆ ನಿಲ್ಲಿಸಿದರು. ಪಾರ್ಶ್ವವಾಯುವಾದ ಮೇಲೆ ಮಾವ ಹೊರಗಿನವರೊಂದಿಗೆ ಮಾತು ಬಿಟ್ಟಿದ್ದರು. ಮನೆಯವರಿಗೆ ಅರ್ಥವಾಗುತ್ತಿದ್ದ ಅವರ ನಾಲಿಗೆ ಹೊಸಬರಿಗೆ ಅರ್ಥವಾಗುವುದು ಕಷ್ಟವಿತ್ತು. ಅದು ಅವರಿಗೆ ನಾಚಿಕೆ.

“ಗೊತ್ತು,” ಎಂದರು ಮಾವ. “ಅರ್ಥ ಆಗದೇ ಇದ್ರೆ ಇನ್ನೊಂದು ಸಲ ಹೇಳ್ತೀನಿ. ನನಗೇನು ಬಸ್ಸು ತಪ್ಪುತ್ತಾ?”

ಆದರೆ ಪ್ರೀಮಿಯಂ ಅವಧಿ ಮುಗಿದದ್ದು ಆ ವಾರವೇ. ಮಾವ ಫೋನು ಎದೆಯ ಮೇಲಿಟ್ಟುಕೊಂಡು ಕಾದರು. ಅದು ಸುಮ್ಮನಿತ್ತು. ಮೊದಲು ಬಂದದ್ದು ವೆಬ್‌ಸೈಟಿನ ಹುಡುಗಿಯದೇ ಫೋನು, ಮತ್ತೆ ಕಟ್ಟುತ್ತೀರಾ ಎಂದು ಕೇಳಲು. ಮಾವ ಅವಳನ್ನು ಬಿಡಲಿಲ್ಲ. ಎಷ್ಟು ಮನೆ ಮಾರಿಸಿದ್ದೀಯಮ್ಮ ಎಂದು ಕೇಳಿದರು. ಮಾರಾಟವಾಯಿತೋ ಇಲ್ಲವೋ ತಮಗೆ ತಿಳಿಯುವುದಿಲ್ಲ, ಎಷ್ಟು ಜನ ನೋಡಿದರು ಎಂದಷ್ಟೇ ತಿಳಿಯುತ್ತದೆ ಎಂದಳು ಅವಳು.

“ನೀನೇ ಕೊಂಡ್ಕೋ ನಮ್ಮನೆ.”

“ನನ್ನ ಸಂಬಳಕ್ಕೆ ನಿಮ್ಮ ಬಾಲ್ಕನಿ ಬರುತ್ತೆ ಅಷ್ಟೆ ಅಂಕಲ್.”

“ಬಾಲ್ಕನಿಗೂ ಪ್ರೀಮಿಯಂ ಕಟ್ಬೇಕಾ?”

ಹುಡುಗಿ ನಕ್ಕಳು. ಅವಳಿಗೆ ತಮ್ಮ ಮಾತು ಪೂರ್ತಿ ಅರ್ಥವಾಗಿತ್ತು ಎಂಬುದೇ ಮಾವನಿಗೆ ದೊಡ್ಡದಾಯಿತು. ಸಂಜೆ ಅತ್ತೆಗೆ ಅದನ್ನು ಎರಡು ಸಲ ಹೇಳಿದರು. ಮತ್ತೆ ಕಟ್ಟಲು ಅತ್ತೆಯ ಬಳಿ ದುಡ್ಡಿರಲಿಲ್ಲ, ಕಟ್ಟುವ ಉತ್ಸಾಹವೂ ಇರಲಿಲ್ಲ. ನಿಲ್ದಾಣದಲ್ಲಿ ವರ್ಷದ ಲೆಕ್ಕ ಮುಗಿಯುತ್ತ ಬಂದಿತ್ತು. ಕ್ಯಾಷಿಯರ್ ಎದುರು ಸಿಕ್ಕಾಗ ಈಗೀಗ ಅತ್ತೆಯನ್ನು ನೋಡದೆ ಗೋಡೆಯ ಗಡಿಯಾರ ನೋಡುತ್ತಿದ್ದರು.

ಮಂಡಿಯವರು ಫೋನ್ ಮಾಡಿದ್ದು ಆ ದಿನಗಳಲ್ಲಿ.

ತರಕಾರಿ ಮಂಡಿಯಲ್ಲಿ ಸಗಟು ಕೊಂಡು ಹೋಟೆಲುಗಳಿಗೆ ಹಾಕುವವರು ಅವರು. ಮಾವನ ದನಿ ಕೇಳಿ, “ಏನ್ರೀ, ಇಷ್ಟು ಬೆಳಿಗ್ಗೇನೇ ಕುಡಿದಿದ್ದೀರಾ?” ಎಂದರಂತೆ.

“ಟೀ,” ಎಂದರು ಮಾವ. “ಬನ್ನಿ, ನಿಮಗೂ ಕೊಡ್ತೀನಿ. ಲಿಫ್ಟ್ ಇಲ್ಲ, ಅಡುಗೆಮನೆ ಫೋಟೋದಲ್ಲಿರೋದರ ಅರ್ಧ ಇದೆ. ಮನೆ ಚೆನ್ನಾಗಿದೆ. ಸಂಜೆ ಬನ್ನಿ, ನನ್ನ ಹೆಂಡತಿ ಬಂದಿರ್ತಾಳೆ.”

ಸಂಜೆ ಅವರು ಬಂದರು. ಮೆಟ್ಟಿಲು ಹತ್ತಿ ಬಂದರೂ ಉಸಿರು ಮೇಲೆ ಕೆಳಗೆ ಆಗಿರಲಿಲ್ಲ. ಮೂಟೆ ಹೊತ್ತು ಬೆಳೆದ ಕಾಲು ನಮ್ಮದು ಎಂದರು. ಕೋಣೆ ಕೋಣೆಗೂ ಹೋಗಿ ಒಂದೊಂದೇ ಸ್ವಿಚ್ಚು ಹಾಕಿ ಆರಿಸಿದರು. ಮಂಚದ ಪಕ್ಕದ ಸ್ವಿಚ್ಚಿನಿಂದ ದೀಪ ಆರಿದಾಗ ಮತ್ತೆ ಬಾಗಿಲಿಗೆ ಹೋಗಿ ಹಾಕಿದರು, ಮತ್ತೆ ಮಂಚಕ್ಕೆ ಬಂದು ಆರಿಸಿದರು.

“ಈ ವೈರಿಂಗ್ ಯಾರು ಮಾಡಿದ್ದು?”

“ನಾನೇ,” ಎಂದರು ಮಾವ.

“ಹೋಗೋವಾಗ ಬಿಚ್ಕೊಂಡು ಹೋಗಲ್ಲ ತಾನೇ?”

“ಗೋಡೆ ಒಡೀಬೇಕು. ಕೈಲಾಗಲ್ಲ.”

ಅತ್ತೆ ಟೀ ತಂದಿಟ್ಟರು. ನಮ್ಮ ಜಾಹೀರಾತು ಎಲ್ಲಿ ನೋಡಿದಿರಿ ಎಂದು ಮಾವ ಕೇಳಿದರು. ಮಂಡಿಯವರು ಲೋಟ ಕೈಗೆತ್ತಿಕೊಂಡು ಹೇಳಿದ ಮಾತನ್ನು ಅತ್ತೆ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ.

“ನಾನು ಮೊದಲನೇ ಪುಟ ನೋಡೋದೇ ಇಲ್ಲಮ್ಮ. ಅಲ್ಲಿ ಇರೋದೆಲ್ಲ ಬೆಳಗಿನ ತರಕಾರಿ, ಬೆಲೆ ಕೇಳೋ ಹಾಗಿರಲ್ಲ. ನಾನು ಕೊನೇ ಪುಟದಿಂದ ಶುರು ಮಾಡ್ತೀನಿ. ಮಂಡೀಲೂ ಅಷ್ಟೇ, ಸಂಜೆ ಹೋಗ್ತೀನಿ. ಸಂಜೆಗೆ ಸರಕು ಸ್ವಲ್ಪ ಬಾಡಿರುತ್ತೆ, ಕೆಟ್ಟಿರಲ್ಲ. ಮಾರೋನಿಗೂ ಮನೆಗೆ ಹೋಗೋ ಆತುರ ಇರುತ್ತೆ.”

ಆಮೇಲೆ ಅವರು ತಮ್ಮ ಬೆಲೆ ಹೇಳಿದರು. ಮಾವನ ಮುಖ ಕೆಂಪಾಯಿತು.

“ಈ ಬೆಲೆಗೆ ಅಡುಗೆಮನೆ ಬರುತ್ತೆ. ಫೋಟೋದಲ್ಲಿರೋದು.”

“ನಾನು ಹೊರಟೆ ಅಂದ್ರೆ ತಿರುಗಿ ನೋಡೋನಲ್ಲ ಯಜಮಾನ್ರೇ. ನಿಮಗೆ ಇಳೀಬೇಕು. ನನಗೆ ಹತ್ತಬೇಕು. ಯಾರಿಗೆ ಆತುರ ಅಂತ ಇಬ್ಬರಿಗೂ ಗೊತ್ತಿದೆ. ಸುಳ್ಳು ಯಾಕೆ?”

“ಆಗಲ್ಲ,” ಎಂದರು ಮಾವ. ಅತ್ತೆಯ ಕಡೆ ತಿರುಗಿದರು. ಸಿಟ್ಟಿನಲ್ಲಿ ನಾಲಿಗೆ ಇನ್ನೂ ತೊಡರುತ್ತಿತ್ತು. “ಈ ಬೆಲೆಗೆ ಕೊಟ್ರೆ ನೀನು ಕೆಲಸ ಬಿಡೋ ಹಾಗಿಲ್ಲ. ಕೊನೇ ದಿನದವರೆಗೂ ಆ ಸ್ಟೂಲ್ ಮೇಲೇ ಕೂರಬೇಕು. ನನ್ನ ಕಾಲಿಗೆ ನಿನ್ನ ಬೆನ್ನು ಮಾರ್ತೀಯಾ?”

ಮಂಡಿಯವರು ಲೋಟದೊಳಗೆ ನೋಡತೊಡಗಿದರು.

“ಬೆನ್ನು ಹೇಗೂ ನೋಯುತ್ತೆ,” ಎಂದರು ಅತ್ತೆ. “ಮೇಲೆ ಇದ್ರೂ ನೋಯುತ್ತೆ, ಕೆಳಗೆ ಇದ್ರೂ ನೋಯುತ್ತೆ. ಕಾಲು ಹಾಗಲ್ಲ. ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ?”

“ಇನ್ನೊಂದು ತಿಂಗಳು ನೋಡೋಣ ಕಣೇ.”

“ನನಗೆ ಇನ್ನು ಯಾರಿಗೂ ಫೋನ್ ಮಾಡೋಕಾಗಲ್ಲ ರೀ.”

ಇದನ್ನು ಅವರು ಅಳುತ್ತ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ಬಸ್ಸು ಹೋಯಿತು ಎಂದು ಹೇಳುವ ಹಾಗೆ ಹೇಳಿದರು. ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಅತ್ತೆ ಮಂಡಿಯವರನ್ನು ಕೇಳಿದರು, “ಅಡ್ವಾನ್ಸ್ ಇವತ್ತೇ ಕೊಡ್ತೀರಾ? ನೋಂದಣಿಗೆ ಯಾವತ್ತು ಬರ್ತೀರಿ?”

ಮಂಡಿಯವರು ಅಂದೇ ಅಡ್ವಾನ್ಸ್ ಕೊಟ್ಟರು. ಏನನ್ನಿಸಿತೋ, ತಾವು ಹೇಳಿದ ಬೆಲೆಗಿಂತ ಸ್ವಲ್ಪ, ತೀರ ಸ್ವಲ್ಪ, ಮೇಲಕ್ಕೂ ಬಂದರು. ಮಾವ ಎರಡು ದಿನ ಅತ್ತೆಯೊಂದಿಗೆ ಮಾತು ಬಿಟ್ಟಿದ್ದರು. ಮೂರನೆಯ ದಿನ ಟೀಗೆ ಸಕ್ಕರೆ ಕಡಿಮೆಯಾಗಿದೆ ಎಂದರು.

ಕ್ಯಾಷಿಯರ್ ಮಾತಿಗೆ ತಪ್ಪಲಿಲ್ಲ. ಮೈದುನನಿಗೆ ಏನು ಹೇಳಿದರೋ, ನೆಲಮಹಡಿಯ ಮನೆ ಅತ್ತೆ ಮಾವನದಾಯಿತು. ಕೆಲಸ ಬಿಡುವ ಮಾತು ಅಲ್ಲಿಗೆ ನಿಂತಿತು. ಅವಧಿಗೆ ಮೊದಲೇ ಬಿಡುತ್ತೇನೆಂದು ಅತ್ತೆ ಮೇಲಿನವರ ಬಳಿ ಬಾಯಿಮಾತಿನಲ್ಲಿ ಹೇಳಿಟ್ಟಿದ್ದರು. ಹೋಗಿ, ಇಲ್ಲ ಸಾರ್, ಇರುತ್ತೇನೆ ಎಂದು ಹೇಳಿ ಬಂದರು.

ನಿಲ್ದಾಣದಲ್ಲಿ ಪಾಸು ಕೊಡುವವನೊಬ್ಬನಿದ್ದಾನೆ. ಅವನಿಗೂ ಒಂದು ಮನೆ ಮಾರುವುದಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವನು ಕೇಳಿದ. “ಅಕ್ಕ, ಆ ಪ್ರೀಮಿಯಂಗೆ ದುಡ್ಡು ಹಾಕಿದ್ರಲ್ಲ, ಉಪಯೋಗ ಆಯ್ತಾ?”

ಅತ್ತೆ ಊಟದ ಕೈ ಹಾಗೇ ಹಿಡಿದುಕೊಂಡು ಯೋಚಿಸಿದರು. “ಫೋನು ಬರುತ್ತೆ. ಅದಂತೂ ನಿಜ. ಆ ನರ್ಸು ಮೊದಲನೇ ಪುಟದಿಂದಲೇ ಬಂದಿದ್ರು, ಅವರನ್ನ ಕಳ್ಕೊಂಡೋಳು ನಾನು. ಕೊಂಡೋರು ಕೊನೇ ಪುಟದಿಂದ ಬಂದ್ರು. ಹಾಗಾಗಿ ದುಡ್ಡು ದಂಡ ಅಂತಾನೂ ಹೇಳೋಕಾಗಲ್ಲ, ಅದರಿಂದ ಆಯ್ತು ಅಂತಾನೂ ಹೇಳೋಕಾಗಲ್ಲ. ನಿನ್ನ ಮನೇಲಿ ಹಗಲು ಫೋನ್ ಎತ್ತೋರು ಇದ್ದಾರಾ?”

“ಅಣ್ಣ ಇದ್ದಾನೆ. ಮಾತಿನ ಮಲ್ಲ.”

“ಹಾಗಿದ್ರೆ ಹಾಕು. ಫೋಟೋ ಮಾತ್ರ ಇದ್ದ ಹಾಗೇ ತೆಗೆಸು. ಇಲ್ದಿದ್ರೆ ಬಂದೋರ ಮುಖ ನೋಡೋಕಾಗಲ್ಲ.”

ಹೊಸ ಮನೆಗೆ ಬಂದು ಮಳೆಗಾಲ ಕಳೆದಿತ್ತು. ಒಂದು ಸಂಜೆ ಅತ್ತೆ ಕೆಲಸ ಮುಗಿಸಿ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕೋಣೆ ನೋಡಿದರು, ಬಚ್ಚಲು ನೋಡಿದರು. ವಾಕರ್ ಕೂಡ ಇರಲಿಲ್ಲ. ಚೀಲ ಹೆಗಲಿನಲ್ಲಿದ್ದ ಹಾಗೆಯೇ ಬೀದಿಗೆ ಓಡಿದರು. ಬೀದಿಯಾಚೆ ಒಂದು ಕ್ಷೌರದಂಗಡಿಯಿದೆ. ಅದರ ಗಾಜಿನ ಬಾಗಿಲಾಚೆ, ಗಿರಾಕಿಗಳ ಬೆಂಚಿನ ಮೇಲೆ ಮಾವ ಕೂತಿದ್ದರು. ಪಕ್ಕದವನ ಕಿವಿಗೆ ಬಗ್ಗಿ ಏನೋ ಹೇಳುತ್ತಿದ್ದರು.

ಅತ್ತೆ ಬಾಗಿಲು ತಳ್ಳಿ ಒಳಗೆ ಹೋದರು. ಕ್ಷೌರದವನು ಕತ್ತರಿ ನಿಲ್ಲಿಸಿದ.

“ಬೆಳಿಗ್ಗೆಯಿಂದ ಇದು ಮೂರನೇ ಸಲ ಬಂದಿರೋದಮ್ಮ. ಕತ್ತರಿಸೋಕೆ ತಲೇಲಿ ಇನ್ನೇನೂ ಉಳಿದಿಲ್ಲ ಅಂದ್ರೂ ಕೇಳಲ್ಲ.”

“ಬೈಬೇಡ,” ಎಂದರು ಮಾವ ಮುಂಚಿತವಾಗಿ. “ಎರಡೂ ಕಡೆ ನೋಡಿ ದಾಟಿದ್ದೀನಿ. ಯಾರೂ ಹಿಡ್ಕೊಂಡಿಲ್ಲ. ಇವನನ್ನೇ ಕೇಳು.”

ಅತ್ತೆಗೆ ಬೈಯಬೇಕೆಂದಿತ್ತು. ಬಾಗಿಲು ಹಾಕದೆ ಬಂದದ್ದಕ್ಕೆ, ಒಂದು ಮಾತು ಹೇಳದೆ ಬಂದದ್ದಕ್ಕೆ. ಅವರ ಎಡಗಾಲನ್ನು ನೋಡಿದರು. ಚಪ್ಪಲಿಯ ತುದಿ ರಸ್ತೆಯ ಮಣ್ಣು ಉಜ್ಜಿ ಸವೆದಿತ್ತು. ಬೈಗುಳ ಬಾಯಿಯವರೆಗೆ ಬರಲಿಲ್ಲ, ಅಷ್ಟು ಶಕ್ತಿ ಉಳಿದಿರಲಿಲ್ಲ. ಬೆಂಚಿನಲ್ಲಿ ಜಾಗವಿರಲಿಲ್ಲ. ಕನ್ನಡಿಯೆದುರಿನ ಎರಡನೇ ಕುರ್ಚಿ ಖಾಲಿಯಿತ್ತು. “ಕೂತ್ಕೊಳ್ಳಿಯಮ್ಮ, ಈಗ ಅದಕ್ಕೆ ಯಾರೂ ಇಲ್ಲ” ಎಂದ ಕ್ಷೌರದವನು. ಅತ್ತೆ ಕೂತರು. ಕುರ್ಚಿ ಮೆತ್ತಗಿತ್ತು.

“ಇದು ಹಿಂದಕ್ಕೆ ಬಾಗುತ್ತಾ?”

ಅವನು ಬಂದು ಪಕ್ಕದ ಹಿಡಿ ಎಳೆದ. ಕುರ್ಚಿಯ ಬೆನ್ನು ನಿಧಾನವಾಗಿ ಇಳಿಯಿತು, ಅದರ ಜೊತೆಗೆ ಅತ್ತೆಯ ಬೆನ್ನೂ ಇಳಿಯಿತು. ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಅವರು ಚಾವಣಿಯ ಫ್ಯಾನು ನೋಡಿದರು. ಇನ್ನೊಂದೇ ನಿಮಿಷ, ಆಮೇಲೆ ಎದ್ದು ಅಡುಗೆಗೆ ಹೋಗುತ್ತೇನೆ ಎಂದರು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ಹತ್ತಿತು.

ಯಾರೋ ಗಿರಾಕಿ ಬಾಗಿಲು ತಳ್ಳಿಕೊಂಡು ಜೋರಾಗಿ ಮಾತಾಡುತ್ತ ಒಳಗೆ ಬಂದ. ಮಾವ ಬೆಂಚಿನಿಂದಲೇ ಅವನಿಗೆ ಮೆತ್ತಗೆ ಎಂದು ಕೈಸನ್ನೆ ಮಾಡಿದರು.